ಚನ್ನಿಗ ಬೆಕ್ಕಿನ ಅಂಟು ಬಿಡಿಸಿದ್ದು

ಬನ್ನಿ, ಹತ್ತಿರ ಕೂತ್ಕೊಳ್ಳಿ. ನಗು ಬಂದ್ರೆ ನಕ್ಕುಬಿಡಿ, ಆದ್ರೆ ಚನ್ನಿಗನ್ನ ಬಯ್ಯಬೇಡಿ. ಬಯ್ಯೋಕೆ ಅವನ ತಾಯಿ ಇದ್ದಾಳೆ, ಅವಳೊಬ್ಬಳೇ ಸಾಕು.

ಪೇಟೆಬೀದೀಲಿ ಹೊನ್ನಾಜಮ್ಮ ಅಂತ ಒಬ್ಬಳು ಕಡ್ಲೆಪುರಿ ಹುರಿದು ಮಾರ್ತಿದ್ದಳು. ಗಂಡ ತೀರಿಹೋಗಿದ್ದ. ಇದ್ದೋನು ಒಬ್ಬನೇ ಮಗ, ಚನ್ನಿಗ. ಆಳೆತ್ತರ ಬೆಳೆದಿದ್ದ, ಎರಡು ಮೂಟೆ ಒಟ್ಟಿಗೆ ಎತ್ತೋನು. ಬುದ್ಧಿ ಮಾತ್ರ ಬೆಳೆಯೋಕೆ ಮರೆತಿತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. "ಒಲೆ ಕಡೆ ಒಂದು ಕಣ್ಣಿಟ್ಟಿರೋ" ಅಂದ್ರೆ ಇನ್ನೊಂದು ಕಣ್ಣು ಮುಚ್ಚಿಕೊಂಡು ಕೂರೋನು. "ಏನು ಪಾಪ ಮಾಡಿ ನಿನ್ನ ಹೆತ್ತೆನೋ!" ಅಂತ ತಾಯಿ ಹಣೆ ಚಚ್ಚಿಕೊಂಡ್ರೆ, "ಯಾವ ಪಾಪ ಅವ್ವಾ?" ಅಂತ ಪಕ್ಕದಲ್ಲಿ ಬಂದು ಕೂತು ಕೇಳೋನು. ನಿಜವಾಗ್ಲೂ ತಿಳ್ಕೊಳ್ಳೋಕೇ ಕೇಳೋನು!

ಮನೇಲಿ ಒಂದು ಬೆಕ್ಕಿತ್ತು, ತುಪ್ಪಿ. ಹಿಂಜಿದ ಹತ್ತಿ ಹಾಗೆ ಮೈತುಂಬ ತುಪ್ಪಳ. ತುಪ್ಪಿ ಇದ್ರೆ ಪುರಿಚೀಲ ಅವರದು, ಇಲ್ಲದಿದ್ರೆ ಇಲಿಗಳದು. ಅದಕ್ಕೇ ಹೊನ್ನಾಜಮ್ಮ ಸಂತೆಗೆ ಹೊರಟಾಗಲೆಲ್ಲ ಹೇಳೋಳು: "ಚನ್ನಿಗಾ, ಬೇರೆ ಏನು ಹೋದ್ರೂ ಹೋಗ್ಲಿ, ತುಪ್ಪಿ ಜೋಪಾನ!"

ಒಂದು ದಿನ ಹೊನ್ನಾಜಮ್ಮ ಹಲಸಿನ ಹಣ್ಣು ಹೆಚ್ಚಿ, ತೊಳೆಗಳನ್ನ ಪಕ್ಕದ ಮನೆಗೆ ಕೊಟ್ಟುಬರೋಕೆ ಹೋದಳು. ತುಪ್ಪಿ ಬಂದು ಸಿಪ್ಪೆ ರಾಶಿ ಮೇಲೆ ಉರುಳಾಡಿಬಿಡ್ತು. ಮೈಯೆಲ್ಲ ಮೇಣ!

ಚನ್ನಿಗ ಮುಟ್ಟಿ ನೋಡಿದ. ಬೆರಳಿಗೆ ಅಂಟ್ತು. 'ಎಲಾ! ಧೂಳು ಬಿದ್ರೆ ಉದುರುತ್ತೆ, ನೀರು ಬಿದ್ರೆ ಜಾರುತ್ತೆ, ಇದ್ಯಾಕೆ ಬಿಡಲ್ಲ?' ಅಂತ ಹಿಡಿದು ಎಳೆದ. ತುಪ್ಪಿ "ಮ್ಯಾಂವ್!" ಅಂತು. ಇನ್ನೂ ಜೋರಾಗಿ ಎಳೆದ. ಬೀದಿಗೆಲ್ಲ ಕೇಳೋ ಹಾಗೆ "ಮ್ಯಾಂ...ವ್!" ಅಂತು. ಹೊನ್ನಾಜಮ್ಮ ಓಡಿಬಂದಳು.

"ಅಯ್ಯೋ ಪೆದ್ದೇ! ಎಳೆದ್ರೆ ಚರ್ಮ ಕಿತ್ತು ಬರುತ್ತೆ ಕಣೋ!"

"ಮತ್ತೇನು ಮಾಡ್ಬೇಕಿತ್ತವ್ವಾ?"

"ಎಣ್ಣೆ ಹಚ್ಚಬೇಕು! ಕೊಬ್ಬರಿ ಎಣ್ಣೆ ಹಚ್ಚಿ, ಮೆಲ್ಲಗೆ ತಿಕ್ಕಿ, ಬಟ್ಟೇಲಿ ಒರೆಸ್ಬೇಕು. ಅಂಟು ಕಂಡ್ರೆ ಎಣ್ಣೆ. ತಿಳೀತಾ?"

"ತಿಳೀತವ್ವಾ. ಅಂಟು ಕಂಡ್ರೆ ಎಣ್ಣೆ."

ಹೊನ್ನಾಜಮ್ಮ ಹಚ್ಚಿದಳು, ತಿಕ್ಕಿದಳು, ಒರೆಸಿದಳು. ಮೇಣ ಬಿಡ್ತು. ಚನ್ನಿಗ ಬಾಯಿ ತೆರೆದು ನೋಡಿದ.

ಆಮೇಲಿನ ವಾರ ಹೊನ್ನಾಜಮ್ಮ ಸಂತೆಗೆ ಹೋಗಿದ್ದಳು. ಪುರಿಉಂಡೆಗೆ ಅಂತ ಕಾಸಿ ಆರಿಸಿಟ್ಟ ಬೆಲ್ಲದ ಪಾಕದ ಒಳಕ್ಕೆ ತುಪ್ಪಿ ಹಿಂಗಾಲು ಇಟ್ಟು ಜಾರಿ ಕೂತುಬಿಡ್ತು. ಸೊಂಟದಿಂದ ಬಾಲದವರೆಗೆ ಪಾಕ!

ಚನ್ನಿಗ ಹೆದರಲಿಲ್ಲ. "ಅಂಟು ಕಂಡ್ರೆ ಎಣ್ಣೆ!" ಅಂದ. ಎಣ್ಣೆ ಹಚ್ಚಿದ. ಬಿಡಲಿಲ್ಲ. ಇನ್ನೊಂದಷ್ಟು ಹಚ್ಚಿದ. ಬಿಡಲಿಲ್ಲ. ತಂಬಿಗೇಲಿದ್ದ ಎಣ್ಣೇನೆಲ್ಲ ಸುರಿದ! ತುಪ್ಪಿ ಸರ್ರನೆ ಕೈಯಿಂದ ಜಾರಿ, ಹಾರಿ, ಪುರಿಚೀಲದ ಒಳಕ್ಕೆ ಬಿತ್ತು. ಹೊರಗೆ ಬಂದಾಗ ಬೆಕ್ಕೂ ಇರಲಿಲ್ಲ, ಗಿಕ್ಕೂ ಇರಲಿಲ್ಲ. ನಾಲ್ಕು ಕಾಲಿನ ಪುರಿಉಂಡೆ ನಡೆದು ಬಂತು!

ಹೊನ್ನಾಜಮ್ಮ ಸಂತೆಯಿಂದ ಬಂದವಳು ಬುಟ್ಟಿ ಕೈಬಿಟ್ಟಳು. "ಅಯ್ಯೋ ಪೆದ್ದೇ! ಬೆಲ್ಲಕ್ಕೆ ಯಾರಾದ್ರೂ ಎಣ್ಣೆ ಹಾಕ್ತಾರೇನೋ?"

"ಮತ್ತೇನು ಮಾಡ್ಬೇಕಿತ್ತವ್ವಾ?"

"ಬೆಲ್ಲ ಯಾವುದಕ್ಕೆ ಕರಗುತ್ತೋ? ನೀರಿಗಲ್ವೇನೋ! ಉಗುರುಬೆಚ್ಚಗಿನ ನೀರು ಮಾಡ್ಕೊಂಡು, ತಲೆ ಬಿಟ್ಟು ಮೈ ಮಾತ್ರ ನೆನೆಸಿ ತೊಳೀಬೇಕು. ಉಗುರುಬೆಚ್ಚಗೆ! ತಿಳೀತಾ?"

"ತಿಳೀತವ್ವಾ. ಉಗುರುಬೆಚ್ಚಗೆ."

ಆವತ್ತು ತುಪ್ಪಿ ಸ್ನಾನಕ್ಕೆ ಮೂರು ಹಂಡೆ ನೀರು ಬೇಕಾಯ್ತು. ಚನ್ನಿಗ ರಾತ್ರಿ ಊಟಕ್ಕೆ ಕೂತು ತನ್ನ ಉಗುರುಗಳನ್ನೇ ನೋಡ್ಕೊಂಡ. ಕೇಳಬೇಕು ಅನ್ನಿಸ್ತು, ಆದ್ರೆ ತಾಯಿ ಮುಖ ನೋಡಿ ಸುಮ್ಮನಾದ.

ಕೆಲವು ದಿನ ಕಳೀತು. ಎದುರುಮನೆ ಬಡಗಿ ಸಿದ್ದಾಚಾರಿ ತನ್ನ ಬಾಗಿಲಿಗೆ ನೀಲಿ ಪೇಂಟು ಬಳಿದಿದ್ದ. ತುಪ್ಪಿ ಅದಕ್ಕೆ ಮೈ ಉಜ್ಜಿಕೊಂಡು ಬಂತು. ಒಂದು ಪಕ್ಕ ಬಿಳಿ, ಒಂದು ಪಕ್ಕ ನೀಲಿ.

"ಉಗುರುಬೆಚ್ಚಗೆ!" ಅಂದ ಚನ್ನಿಗ. ನೀರು ಕಾಯಿಸಿದ. ಆದ್ರೆ ಉಗುರು ಯಾರದು? ನನ್ನದೋ, ತುಪ್ಪಿದೋ? ಬಹಳ ಹೊತ್ತು ಯೋಚಿಸಿದ. ಸ್ನಾನ ಯಾರಿಗೆ? ತುಪ್ಪಿಗೆ. ಹಾಗಾದ್ರೆ ಉಗುರೂ ತುಪ್ಪಿದೇ! ಬೆಕ್ಕಿನ ಮುಂಗಾಲು ಹಿಡಿದು, ಉಗುರು ಹೊರಗೆ ಬರೋ ಹಾಗೆ ಒತ್ತಿ, ನೀರಿಗೆ ಅದ್ದಿ ಕೇಳಿದ: "ಬೆಚ್ಚಗಿದೆಯಾ ತುಪ್ಪೀ?"

ತುಪ್ಪಿ ಉತ್ತರ ಕೊಡ್ತು. ಭುಜದಿಂದ ಮೊಣಕೈವರೆಗೆ ಐದು ಗೆರೆ!

ಕೂಗು ಕೇಳಿ ಸಿದ್ದಾಚಾರಿ ಹೊರಗೆ ಬಂದ. "ಪೇಂಟು ನೀರಿಗೆ ಬಿಡುತ್ತೇನೋ ಮಂಕೇ? ನಮ್ಮ ಕೈಗಾದ್ರೆ ನಾವು ಸೀಮೆಎಣ್ಣೆ ಹಾಕ್ತೀವಿ" ಅಂತ ಬಾಟ್ಲಿ ಕೊಟ್ಟ. ಚನ್ನಿಗ ಬಿರಡೆ ತೆಗೆಯೋದಕ್ಕೂ ಹೊನ್ನಾಜಮ್ಮ ಬಾಗಿಲಿಗೆ ಬರೋದಕ್ಕೂ ಸರಿಹೋಯ್ತು. ಬಂದವಳೇ ಬಾಟ್ಲಿ ಕಿತ್ಕೊಂಡಳು.

"ಕೊಲ್ತಿದ್ದೆಯಲ್ಲೋ! ಬೆಕ್ಕಿಗೆ ಟವಲು ಯಾವುದೋ? ನಾಲಿಗೆ! ಮೈಮೇಲೆ ಹಚ್ಚಿದ್ದೆಲ್ಲ ನೆಕ್ಕಿ ಹೊಟ್ಟೆಗೆ ಹಾಕ್ಕೊಳ್ಳುತ್ತೆ. ಸೀಮೆಎಣ್ಣೆ ವಿಷ ಕಣೋ!"

ಚನ್ನಿಗನ ಮುಖ ಬಿಳಿಚಿಕೊಳ್ತು. ತುಪ್ಪಿನ ಅಪ್ಪಿಕೊಂಡ. "ಮತ್ತೇನು ಹಚ್ಚಬೇಕವ್ವಾ?"

"ನೀನು ಬಾಯಿಗೆ ಹಾಕ್ಕೊಳ್ಳೋದನ್ನ ಮಾತ್ರ ಹಚ್ಚು! ನೀನು ತಿನ್ನದೇ ಇರೋದನ್ನ ಬೆಕ್ಕಿನ ಮೈಗೆ ಸೋಕಿಸಬೇಡ. ತಿಳೀತಾ?"

"ತಿಳೀತವ್ವಾ. ನಾನು ತಿನ್ನೋದನ್ನ ಹಚ್ಚೋದು."

ಹೊನ್ನಾಜಮ್ಮ ಅಡುಗೆ ಎಣ್ಣೆ ಹಚ್ಚಿ ತಿಕ್ಕಿದಳು, ಕಡ್ಲೆಹಿಟ್ಟು ಹಾಕಿ ತೊಳೆದಳು, ಒಣಬಟ್ಟೇಲಿ ಸುತ್ತಿ ಬಿಸಿಲಲ್ಲಿ ಕೂರಿಸಿದಳು. ನೀಲಿ ಹೋಯ್ತು, ತುಪ್ಪಿ ಉಳೀತು.

ಆ ತಿಂಗಳೇ ಬೀದಿಗೆ ಟಾರು ಹಾಕೋರು ಬಂದ್ರು. ತುಪ್ಪಿ ಸುಮ್ಮನಿರುತ್ತಾ? ಡಬ್ಬದ ಪಕ್ಕ ನುಸುಳಿ, ಕಾಲಿಗೆ, ಹೊಟ್ಟೆಗೆಲ್ಲ ಟಾರು ಮೆತ್ತಿಕೊಂಡು ಬಂತು. ಹೊನ್ನಾಜಮ್ಮ ನೀರಿಗೆ ಹೋಗಿದ್ದಳು. ಚನ್ನಿಗ ತಣಿಗೆ ಮುಂದೆ ಊಟಕ್ಕೆ ಕೂತಿದ್ದ.

'ನಾನು ತಿನ್ನೋದನ್ನ ಹಚ್ಚೋದು.' ತಣಿಗೆ ನೋಡಿದ. ಏನಿತ್ತು? ರಾಗಿಮುದ್ದೆ, ಬಸ್ಸಾರು, ಹುರುಳಿಕಾಳಿನ ಪಲ್ಯ. ಮೊದಲು ತಾನೊಂದು ತುತ್ತು ತಿಂದ. ಹೌದು, ತಿನ್ನೋದೇ! ಮುದ್ದೆ ಮುರಿದು ಹೊಟ್ಟೆಗೆ ಹಚ್ಚಿದ. ಪಲ್ಯ ಬೆನ್ನಿಗೆ ಹಚ್ಚಿದ. ಬಸ್ಸಾರು ಮೇಲಿಂದ ಹುಯ್ದ. ಬಿಡ್ತಾ ಅಂತ ಬಗ್ಗಿ ನೋಡಿದ. ಬಿಡೋದಿರಲಿ, ಟಾರಿನ ಮೇಲೆ ಮುದ್ದೆ ಹಿಡ್ಕೊಂಡು ಗೋಡೆಗಾರೆ ಹಾಗೆ ಕೂತುಬಿಡ್ತು.

"ಇದೇನೋ ಇದು!" ಹೊನ್ನಾಜಮ್ಮ ಬಿಂದಿಗೆ ಇಳಿಸಿದಳು. "ಬೆಕ್ಕಿಗೆ ಬಡಿಸಿದ್ದೀಯೋ, ಬೆಕ್ಕನ್ನೇ ಬಡಿಸಿದ್ದೀಯೋ?"

"ಖಾರ ಇಲ್ಲ ಅವ್ವಾ, ನಾನು ನೋಡಿದೆ."

ಅಳಬೇಕೋ ನಗಬೇಕೋ ಗೊತ್ತಾಗದೆ ಹೊನ್ನಾಜಮ್ಮ ಅಲ್ಲೇ ಕೂತಳು. ಕಾಲಿಗೆ ಹತ್ತಿದ್ದ ಟಾರು ಎಣ್ಣೆಗೆ ಬಿಡ್ತು. ಹೊಟ್ಟೆ ಮೇಲಿನ ಗಂಟು ಬಿಡಲಿಲ್ಲ. ಕತ್ತರಿ ತಂದಳು, ಬಾಚಣಿಗೆ ತಂದಳು.

"ಇಲ್ಲಿ ನೋಡು. ಯಾವುದಕ್ಕೂ ಬಿಡದೆ ಅಂಟಿ ಕೂತಿದ್ರೆ ಎಳೀಬೇಡ. ಮಧ್ಯದಲ್ಲಿ ಬಾಚಣಿಗೆ ತೂರಿಸು, ಮೈಗೆ ಕತ್ತರಿ ತಾಗದ ಹಾಗೆ. ಆಮೇಲೆ ಕೂದಲು ಕತ್ತರಿಸು. ಕೂದಲು ಹೋದ್ರೆ ಮತ್ತೆ ಬರುತ್ತೆ. ಬೆಕ್ಕಿಗೆ ಗಾಯ ಆಗಬಾರದು, ಅಷ್ಟೇ. ತಿಳೀತಾ?"

"ತಿಳೀತವ್ವಾ. ಬಾಚಣಿಗೆ ತೂರಿಸೋದು, ಕೂದಲು ಕತ್ತರಿಸೋದು, ಬೆಕ್ಕಿಗೆ ಗಾಯ ಆಗಬಾರದು." ಸಲೀಸಾಗಿ ಒಪ್ಪಿಸಿದ. ಹೊನ್ನಾಜಮ್ಮನಿಗೂ ಸಮಾಧಾನ ಆಯ್ತು.

ಹೀಗಿರುವಾಗ ಚನ್ನಿಗನಿಗೆ ಒಂದು ಸಂಬಂಧ ಕೂಡಿಬಂತು. ಹುಡುಗಿ ತಂದೆ ಪುಟ್ಟಮಾದಪ್ಪ ದೊಡ್ಡ ಮನುಷ್ಯ. ಅವರ ಗಡ್ಡ ಇನ್ನೂ ದೊಡ್ಡದು. ಹೊಕ್ಕುಳ ಮುಟ್ಟೋ ಗಡ್ಡ, ಎಣ್ಣೆ ಹಚ್ಚಿ ಬಾಚಿದ ಗಡ್ಡ. ಇಪ್ಪತ್ತು ವರ್ಷದಿಂದ ಅದಕ್ಕೆ ಕತ್ತರಿ ತೋರಿಸಿರಲಿಲ್ಲ. ಅವರು ಹುಡುಗನ್ನ ನೋಡೋಕೆ ಬಂದ್ರು. ಹೊನ್ನಾಜಮ್ಮ ಮಗನ ಕೈ ಹಿಡಿದು ಬೇಡ್ಕೊಂಡಳು: "ನಿನ್ನ ದಮ್ಮಯ್ಯ, ನಾನು ಕೇಳೋವರೆಗೂ ಬಾಯಿ ಬಿಡಬೇಡ!"

ಚನ್ನಿಗ ಬಾಯಿ ಬಿಡಲಿಲ್ಲ. ಕಂಬದ ಹಾಗೆ ಕೂತ.

"ಹುಡುಗ ಗಂಭೀರ ಕಣಮ್ಮ" ಅಂದ್ರು ಪುಟ್ಟಮಾದಪ್ಪ. "ಈ ಕಾಲದಲ್ಲಿ ಮಾತು ಕಡಿಮೆ ಇರೋರು ಎಲ್ಲಿ ಸಿಕ್ತಾರೆ? ನನಗೆ ಒಪ್ಪಿಗೆ!"

ಹೊನ್ನಾಜಮ್ಮನ ಕಣ್ಣಲ್ಲಿ ನೀರು ಬಂತು. ತಾಂಬೂಲ ತರೋಕೆ ಒಳಗೆ ಹೋದಳು.

ಪುಟ್ಟಮಾದಪ್ಪ ತಲೆ ಆಡಿಸಿದ್ರು, ಗಡ್ಡ ಆಡ್ತು. ತುಪ್ಪಿ ನೋಡ್ತು. ಅವರು ಕೆಮ್ಮಿದ್ರು, ಗಡ್ಡ ಕುಣೀತು. ತುಪ್ಪಿ ಚಂಗನೆ ಹಾರಿ ಗಡ್ಡದ ಬಲಪಕ್ಕಕ್ಕೆ ನಾಲ್ಕೂ ಕಾಲು ಸಿಕ್ಕಿಸಿಕೊಂಡು ಜೋತಾಡಿಬಿಡ್ತು!

"ಅಯ್ಯಯ್ಯೋ! ಅಂಟ್ಕೊಂಡುಬಿಡ್ತು! ಬಿಡಿಸೋ! ಎಳೀಬೇಡ, ಎಳೀಬೇಡ! ಬಿಡಿಸೋ!"

ಚನ್ನಿಗ ಎಳೀಲಿಲ್ಲ. ಹೋಗಿ ಬಾಚಣಿಗೆ ತಂದ, ಮಧ್ಯಕ್ಕೆ ತೂರಿಸಿದ. ಕತ್ತರಿ ತಂದ. ಕಚಕ್, ಕಚಕ್, ಕಚಕ್! ತುಪ್ಪಿ ಗಡ್ಡದ ಸಮೇತ ಮಡಿಲಿಗೆ ಬಿತ್ತು. ತಿರುಗಿಸಿ ತಿರುಗಿಸಿ ನೋಡಿದ. ಬೆಕ್ಕಿಗೆ ಒಂದು ಗೀರೂ ಇಲ್ಲ! ಮುಖ ಅರಳ್ತು.

ಹೊನ್ನಾಜಮ್ಮ ತಾಂಬೂಲದ ತಟ್ಟೆ ಹಿಡಿದು ಬಂದಳು. ಪುಟ್ಟಮಾದಪ್ಪನವರ ಎಡಗಡೆ ಗಡ್ಡ ಹೊಕ್ಕುಳವರೆಗಿತ್ತು, ಬಲಗಡೆ ಗಲ್ಲ ಸುಲಿದ ಬದನೆಕಾಯಿ ಹಾಗಿತ್ತು.

"ಚನ್ನಿಗಾ... ಏನೋ ಮಾಡಿದೆ?"

ಅವ್ವ ಕೇಳಿದಳಲ್ಲ, ಚನ್ನಿಗ ಬಾಯಿ ಬಿಟ್ಟ. ತಲೆ ವಾಲಿಸಿ ಆ ಕಡೆ ನೋಡಿದ, ಈ ಕಡೆ ನೋಡಿದ.

"ಒಂದೇ ಪಕ್ಕ ಆಗಿದೆ ಅವ್ವಾ. ತುಪ್ಪಿನ ಆ ಕಡೆಗೂ ಒಂದ್ಸಲ ಅಂಟಿಸ್ಲಾ?"