ತೊಗರಿಬೇಳೆ ಮತ್ತು ಬೀಗರ ಚೀಲ

"ಗುರುಗಳೇ, ನಾಲ್ಕು ಕಡೆ ಬೆಲೆ ವಿಚಾರಿಸಿ, ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳುವುದು ಲೋಭವೇ?"

ಕೇಳಿದವನು ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ದಾಸೋಹಕ್ಕೆ ಬೇಕಾದ ದಿನಸಿಯನ್ನೆಲ್ಲ ಅವನೇ ತರುತ್ತಿದ್ದ. ಕೊಂಡು ತಂದ ಸಾಮಾನು ಇನ್ನೊಂದು ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತಿತ್ತೆಂದು ತಿಳಿದರೆ ಅವನಿಗೆ ಅಂದು ಊಟ ಸೇರುತ್ತಿರಲಿಲ್ಲ. ಉಳಿದ ಶಿಷ್ಯರು ಅದನ್ನೇ ಹಿಡಿದು ಅವನನ್ನು ಕಾಡುತ್ತಿದ್ದರು.

ಗುರು ಹೇಳಿದರು:

ಅದು ಲೋಭವಲ್ಲ. ದುಡಿದ ದುಡ್ಡನ್ನು ಅಂಗಡಿಯವನು ಕೇಳಿದಷ್ಟು ಸುರಿದು ಬರುವುದು ದೊಡ್ಡತನವೂ ಅಲ್ಲ. ಆದರೆ ನಿನ್ನ ಮಾತಿನಿಂದ ನನಗೆ ಒಬ್ಬ ಗೃಹಸ್ಥನ ನೆನಪಾಯಿತು. ಅವನನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಕೇಳು.

ಒಂದು ಊರಿನಲ್ಲಿ ಒಬ್ಬ ಗೃಹಸ್ಥನಿದ್ದ. ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿ ಅವನು, ಮಗ, ಸೊಸೆ. ದಿನಸಿ ತರುವ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಊರಿನಲ್ಲಿ ಸೂಪರ್ ಮಾರ್ಕೆಟ್ಟುಗಳು ಒಂದರ ಹಿಂದೆ ಒಂದು ಎದ್ದಿದ್ದವು. ಚೀಲ ಹಿಡಿದು ಎಲ್ಲವನ್ನೂ ಸುತ್ತುತ್ತಿದ್ದ. ಎಣ್ಣೆ ಒಂದು ಕಡೆ, ಸಕ್ಕರೆ ಒಂದು ಕಡೆ, ಬೇಳೆ ಮತ್ತೊಂದು ಕಡೆ. ಎಲ್ಲಿ ಯಾವುದಕ್ಕೆ ಎಷ್ಟು ಎಂದು ಕೇಳಿದರೆ ಬಾಯಿಪಾಠ ಒಪ್ಪಿಸುತ್ತಿದ್ದ. ಬೀದಿಯ ಜನ ಅಂಗಡಿಗೆ ಹೊರಡುವ ಮೊದಲು ಅವನನ್ನು ಕೇಳಿಕೊಂಡು ಹೋಗುತ್ತಿದ್ದರು. ಇಲ್ಲಿಯವರೆಗೆ ಎಲ್ಲವೂ ಸರಿ.

ಒಂದು ವರ್ಷ ತೊಗರಿಬೇಳೆಯ ಬೆಲೆ ಏರಿತು. ಎಲ್ಲ ಅಂಗಡಿಯಲ್ಲೂ ಏರಿತು, ಒಂದರಲ್ಲಿ ಮಾತ್ರ ಏರಲಿಲ್ಲ. ಗೃಹಸ್ಥ ಅಲ್ಲಿಂದಲೇ ತಂದು ಮೀಸೆ ತಿರುವಿದ. ಆದರೆ ಬೇಳೆಯ ಡಬ್ಬಿ ತಿಂಗಳು ಮುಗಿಯುವ ಮೊದಲೇ ಬರಿದಾಗತೊಡಗಿತು. ತಂದ ಪೊಟ್ಟಣಗಳು ಎಂದಿನಷ್ಟೇ. ಉಣ್ಣುವವರೂ ಹೆಚ್ಚಿಲ್ಲ. ಹಾಗಾದರೆ ಬೇಳೆ ಎಲ್ಲಿಗೆ ಹೋಗುತ್ತಿದೆ? ಅಡುಗೆಮನೆಯಲ್ಲಿ ಇರುವವಳು ಸೊಸೆ. ಸೊಸೆಗೊಂದು ತವರಿದೆ. ತವರಿನವರು ಬಡವರು. ಮಹಾನುಭಾವನಿಗೆ ಅಷ್ಟು ಸಾಕಾಯಿತು. ನಾಲ್ಕು ಅಂಗಡಿ ಸುತ್ತದೆ ಒಂದು ಸಾಬೂನು ಕೊಳ್ಳದವನು, ಈ ಅನುಮಾನವನ್ನು ಮಾತ್ರ ಮೊದಲು ಕಂಡಲ್ಲೇ ಕೊಂಡುಬಿಟ್ಟ.

ಅದೇ ಸಮಯಕ್ಕೆ ಸೊಸೆಯ ತಂದೆ ಮಗಳನ್ನು ನೋಡಲು ಬಂದ. ಹಿತ್ತಲಿನಲ್ಲಿ ಬೆಳೆದ ಅವರೆಕಾಯಿ ತಂದಿದ್ದ. ಒಂದು ದಿನ ಉಳಿದು, ಬೆಳಿಗ್ಗೆ ಹೊರಟು ನಿಂತ. ಗೃಹಸ್ಥ ಬಾಗಿಲಿಗೆ ಅಡ್ಡ ಬಂದ. ಎದುರು ಮನೆಯಾಕೆ ರಂಗೋಲಿ ಹಾಕುತ್ತಿದ್ದಳು. ಹಾಲಿನವನು ಅಲ್ಲೇ ನಿಂತಿದ್ದ.

"ಬೀಗರೇ, ತಪ್ಪು ತಿಳ್ಕೋಬೇಡಿ. ನಮ್ಮನೇಲಿ ಬೇಳೆಗೆ ಕಾಲು ಬಂದಿದೆ. ಆ ಚೀಲ ಒಂದ್ಸಲ ಬಿಚ್ಚಿ ತೋರಿಸಿ" ಎಂದ.

ಆ ಮುದುಕ ಚೀಲ ಬಿಚ್ಚಿದ. ಒಂದು ಪಂಚೆ, ಒಂದು ಟವೆಲು, ಬಸ್ಸಿನಲ್ಲಿ ಕುಡಿಯಲು ಒಂದು ಬಾಟಲಿ ನೀರು. ಮತ್ತೆ ಮಡಿಸಿ ಒಳಗಿಟ್ಟ. ಮಗಳ ಮುಖ ನೋಡಲಿಲ್ಲ. ಚಪ್ಪಲಿ ಮೆಟ್ಟಿ ಹೊರಟುಹೋದ. ಮಗನೆಂಬುವನು ಅಲ್ಲೇ ಇದ್ದ, ಬಾಯಿ ಬಿಡಲಿಲ್ಲ. ಅಂಥ ಗಂಡ ಇದ್ದರೆಷ್ಟು, ಬಿಟ್ಟರೆಷ್ಟು.

ಚೀಲದಲ್ಲಿ ಏನೂ ಸಿಗದಿದ್ದಾಗ ಮನುಷ್ಯನಿಗೆ ನಾಚಿಕೆಯಾಗಬೇಕು. ಇವನಿಗೆ ಆಗಲಿಲ್ಲ. ಈ ಸಲ ಸಿಗಲಿಲ್ಲ, ಅಷ್ಟೇ ಎಂದುಕೊಂಡ. ಬೇಳೆಯ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ದಿನವೂ ತಾನೇ ಬೇಳೆ ಅಳೆದು ಕೊಡುತ್ತಿದ್ದ, ಸೊಸೆ ಅವನ ಮುಂದೆ ಪಾತ್ರೆ ಹಿಡಿದು ನಿಲ್ಲಬೇಕಾಗಿತ್ತು. ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತಂದ ಅವಳ ತಂದೆ, ಅದನ್ನು ಪಕ್ಕದ ಮನೆಯಲ್ಲಿ ಕೊಟ್ಟು, ಮಗಳನ್ನು ನೋಡದೆಯೇ ಊರಿಗೆ ಹಿಂತಿರುಗಿದ. ಅವಳು ಹಬ್ಬದ ದಿನ ಅತ್ತಳು.

ಇಷ್ಟೆಲ್ಲ ಆದರೂ ಬೇಳೆ ಮೊದಲಿನಂತೆಯೇ ಬೇಗ ಮುಗಿಯಿತು. ಕೀಲಿಕೈ ಅವನ ಸೊಂಟದಲ್ಲೇ ಇತ್ತು. ಇನ್ನು ಯಾರನ್ನು ಕಳ್ಳರೆನ್ನುವುದು? ಕೊನೆಗೆ ಖಾಲಿ ಪೊಟ್ಟಣವೊಂದನ್ನು ಎತ್ತಿಕೊಂಡು, ಕನ್ನಡಕ ಹಾಕಿಕೊಂಡು ನೋಡಿದ. ಬೆಲೆಯನ್ನು ದೊಡ್ಡದಾಗಿ ಅಚ್ಚು ಹಾಕಿದ್ದರು. ಕೆಳಗೆ ಮೂಲೆಯಲ್ಲಿ, ಸಾಸಿವೆಕಾಳಿನಷ್ಟು ಸಣ್ಣ ಅಕ್ಷರದಲ್ಲಿ ತೂಕ ಇತ್ತು. ಮೊದಲು ಒಂದು ಕಿಲೋ ಇದ್ದದ್ದು ಈಗ ಎಂಟುನೂರು ಗ್ರಾಂ. ಪೊಟ್ಟಣದ ಗಾತ್ರ, ಬಣ್ಣ, ಬೆಲೆ ಯಾವುದೂ ಬದಲಾಗಿರಲಿಲ್ಲ. ಅವನು ಬೆಲೆಯನ್ನು ಹೋಲಿಸಿದ್ದ, ತೂಕವನ್ನು ನೋಡಿರಲೇ ಇಲ್ಲ.

ಅಂಗಡಿಗೆ ಓಡಿದ. ಇದು ಹಾಡಹಗಲ ದರೋಡೆ ಎಂದು ಕೂಗಾಡಿದ. ಗಲ್ಲಾದಲ್ಲಿದ್ದವನು, ತೂಕ ಪೊಟ್ಟಣದ ಮೇಲೆಯೇ ಇದೆ, ನೋಡಿಕೊಳ್ಳಬೇಕಾದವರು ನೀವು ಎಂದ. ಅದೂ ಭಂಡತನವೇ. ಜನರ ಕಣ್ಣಿಗೆ ಮಣ್ಣೆರಚಿ ವ್ಯಾಪಾರ ಮಾಡುವವರನ್ನು ನಾನು ಒಳ್ಳೆಯವರೆನ್ನುವುದಿಲ್ಲ. ಗೃಹಸ್ಥನ ಕೂಗು ಬೀದಿಗೆಲ್ಲ ಕೇಳಿಸಿತು. ಮನೆಗೆ ಬಂದ ಮೇಲೆ ಬೀರುವಿನ ಬೀಗ ತೆಗೆದು, ಡಬ್ಬಿಯನ್ನು ಸದ್ದಿಲ್ಲದೆ ಅಡುಗೆಮನೆಯಲ್ಲಿಟ್ಟ. ಸಂಜೆ ಪೇಟೆಗೆ ಹೋಗಿ, ಜನ್ಮದಲ್ಲಿ ಮೊದಲ ಬಾರಿಗೆ ಚೌಕಾಸಿ ಮಾಡದೆ ಒಂದು ರೇಷ್ಮೆ ಸೀರೆ ಕೊಂಡು ತಂದು ಸೊಸೆಯ ಮುಂದಿಟ್ಟ.

"ಸೀರೆ ಬೇಡ ಮಾವ" ಎಂದಳು ಸೊಸೆ. "ಅಪ್ಪನ್ನ ಕರೆಸ್ತೀನಿ. ಅವತ್ತು ಅವರನ್ನ ನಿಲ್ಲಿಸಿದ್ರಲ್ಲ, ಅದೇ ಬಾಗಿಲಲ್ಲಿ ನಿಂತು, ತಪ್ಪಾಯ್ತು ಅಂತ ಒಂದು ಮಾತು ಹೇಳಿ. ಅಷ್ಟು ಸಾಕು."

ಹೆಣ್ಣು ಕೊಟ್ಟವರ ಮುಂದೆ ಗಂಡಿನ ಕಡೆಯವರು ಹಾಗೆಲ್ಲ ಹೇಳಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ ಎಂದು ಗೃಹಸ್ಥ ಗೊಣಗಿದ. ಮರುದಿನ ಆ ಸೀರೆಯ ಮೇಲೆ ಒಂದು ಜೊತೆ ಚಿನ್ನದ ಬಳೆಯನ್ನೂ ತಂದಿಟ್ಟ. ಅವಳು ಯಾವುದನ್ನೂ ಮುಟ್ಟಲಿಲ್ಲ. ಅವಳ ತಂದೆ ಬದುಕಿರುವ ತನಕ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಗೃಹಸ್ಥನ ಮೇಲೆ ಸ್ವಲ್ಪ ಕನಿಕರ ಹುಟ್ಟಿತ್ತು.

"ಗುರುಗಳೇ, ಪುಡಿಗಾಸಿಗಾಗಿ ಊರು ಸುತ್ತುವವನು ರೇಷ್ಮೆ, ಚಿನ್ನ ಎಲ್ಲ ತಂದಿಟ್ಟನಲ್ಲ. ಮಾಡಿದ ತಪ್ಪಿಗೆ ಅಷ್ಟು ತೆತ್ತದ್ದು ಸಾಲದೇ?"

ಗುರು ಹೇಳಿದರು: "ಚಿನ್ನದ ಬೆಲೆ, ಒಂದು ಮಾತಿನ ಬೆಲೆ, ಎರಡನ್ನೂ ಹೋಲಿಸಿ ನೋಡಿದ, ತನಗೆ ಅಗ್ಗವೆನಿಸಿದ್ದನ್ನು ಕೊಟ್ಟ."