ಹುಲಿಗೆಪ್ಪ ಯಾಕೆ ನಕ್ಕ?

ಹೊಳೆದಂಡೆಯ ಮಠದಲ್ಲಿ ಅಜ್ಜಾರು ಇಂಗ್ಲಿಷ್ ಕಲಿಸುತ್ತಿದ್ದರು. ಚೆನ್ನಾಗಿ ಕಲಿತವರ ತರಗತಿಯನ್ನು ಶಿಷ್ಯ ಪಂಪಣ್ಣನಿಗೆ ಒಪ್ಪಿಸಿದ್ದರು.

"ಓದಾಕ, ಬರಿಯಾಕ ಎಲ್ಲಾ ಬರತೈತ್ರಿ. ಬಾಯಿ ಮಾತ್ರ ಬಿಡವಲ್ರು" ಎಂದ ಪಂಪಣ್ಣ.

"ಒಂದು ಸಂಶಯ ಕೊಟ್ಟು ನೋಡು" ಎಂದರು ಅಜ್ಜಾರು.

ಮನುಷ್ಯ ಚಂದ್ರನ ಮೇಲೆ ಇಳಿದೇ ಇಲ್ಲ, ಎಲ್ಲಾ ಪಿತೂರಿ ಎಂಬ ಕಥೆಯನ್ನು ಪಂಪಣ್ಣ ತರಗತಿಗೆ ಕೊಟ್ಟ. ಯಾರೂ ಪಿಟ್ಟೆನ್ನಲಿಲ್ಲ. ಚಂದ್ರ ಬಹಳ ದೂರ.

ಹತ್ತಿರದ್ದೊಂದು ತಾನೇ ಕಟ್ಟಿದ: ಹೊಳೆಗೆ ಸೇತುವೆ ಆಗದಂತೆ ಹರಿಗೋಲಿನ ಹುಲಿಗೆಪ್ಪ ಒಳಗೊಳಗೇ ಮಸಲತ್ತು ನಡೆಸಿದ್ದಾನೆ.

ಅಬ್ಬಾ, ಆ ದಿನದ ಇಂಗ್ಲಿಷ್ ಕೇಳಬೇಕಿತ್ತು! ಮೂಗರಂತಿದ್ದವರೆಲ್ಲ ಅರಳು ಹುರಿದಂತೆ ಮಾತಾಡಿದರು. ಪುರಾವೆಯನ್ನೂ ತಂದರು. ಸೇತುವೆಯ ಜಾಗ ನೋಡಲು ಎಂಜಿನಿಯರ್ ಬಂದಾಗ ಹುಲಿಗೆಪ್ಪ ನಕ್ಕಿದ್ದನಂತೆ. ಮೀನನ್ನೂ ಕೊಟ್ಟಿದ್ದನಂತೆ.

ಪಾಠ ಮುಗಿಯಿತು. ಮಾತು ಮಾತ್ರ ಮನೆಮನೆಗೆ ಹೋಯಿತು.

ಎಂಟನೆಯ ದಿನ ಪಂಪಣ್ಣ ಅಳುಮೋರೆ ಹೊತ್ತು ಬಂದ.

"ಅಜ್ಜಾರ, ಮಂದಿ ಹರಿಗೋಲು ಹತ್ತೋದಾ ಬಿಟ್ಟಾರ್ರಿ. ಹುಲಿಗೆಪ್ಪ ಕಾಕಾ ನಾಳೆ ಊರು ಬಿಡತೀನಿ ಅನ್ನಾಕತ್ತಾನ."

"'ಎಲ್ಲಾ ನಾನಾ ಕಟ್ಟಿದ್ದು' ಅಂತ ನೀ ಅವರಿಗೆ ಹೇಳಲಿಲ್ಲೇನು?"

"ಹೇಳಿದ್ನಿರಿ. 'ಹಿಂಗ ಹೇಳು ಅಂತ ಯಾರು ಕಲಿಸಿದ್ರು?' ಅಂದ್ರು. ಆಣೆ ಮಾಡಿದೆ. 'ಇವಂಗೂ ಮೀನು ಮುಟ್ಟೈತಿ' ಅಂದ್ರು. ನಾ ಮೀನಾ ತಿನ್ನಂಗಿಲ್ರಿ!"

ಅಜ್ಜಾರು ನಗಲಿಲ್ಲ.

ಪಂಪಣ್ಣನ ದನಿ ಇಳಿಯಿತು. "ಇನ್ನೊಂದು ಐತ್ರಿ. ಕಟ್ಟಿದಾಂವ ನಾನಾ. ಆದ್ರ ಈಗ ನನಗೂ ಅನಸಾಕತ್ತೈತಿ. ಕಾಕಾ ಅವತ್ತು ನಕ್ಕಿದ್ದು ಯಾಕ? ನನ್ನ ತಲೀನಾ ನನಗ ತಿಳೀವಲ್ದು."

ಅಜ್ಜಾರು ಎದ್ದು ಹೊಳೆಯ ಕಡೆ ನಡೆದರು. ಪಂಪಣ್ಣ ಹಿಂದೆ ಹೋದ. ಅವನ ವಿದ್ಯಾರ್ಥಿಗಳು ದೂರದ ಬಂಡೆಯ ಮೇಲೆ ನಿಂತು ನೋಡುತ್ತಿದ್ದರು.

ಬುಟ್ಟಿಯಂಥ ಹರಿಗೋಲಿನಲ್ಲಿ ಹುಲಿಗೆಪ್ಪ ಒಬ್ಬನೇ ಕೂತಿದ್ದ. ಅಜ್ಜಾರು ಹತ್ತಿ ಕೂತರು. ಪಂಪಣ್ಣ ದಂಡೆಯಲ್ಲೇ ನಿಂತ. ನಾಚಿಕೆಯೋ ಭಯವೋ ಅವನಿಗೇ ಗೊತ್ತಾಗಲಿಲ್ಲ.

ಹುಲಿಗೆಪ್ಪ ಅವನನ್ನು ನೋಡಿ ನಕ್ಕ.

ಪಂಪಣ್ಣ ಬೆಚ್ಚಿದ. ಹುಲಿಗೆಪ್ಪನಿಗೆ ತಿಳಿಯಬಾರದೆಂದು ಇಂಗ್ಲಿಷಿನಲ್ಲೇ ಗುರುವನ್ನು ಕೇಳಿದ, ಈಗ ಇವನು ನಕ್ಕದ್ದು ಯಾಕೆ ಎಂದು. ಒಂದೂ ತಪ್ಪಿಲ್ಲದ ಇಂಗ್ಲಿಷ್.

ಅಜ್ಜಾರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

"ಹತ್ತಿ ಅವನನ್ನಾ ಕೇಳು. ಕನ್ನಡದಾಗ ಕೇಳು."