ಕಲಕದ ಭರಣಿ

ಹೊಳೆದಂಡೆಯ ಮಠದಲ್ಲಿ ಚೆನ್ನಮಲ್ಲನೆಂಬ ಶಿಷ್ಯನಿದ್ದ. ಅವನಿಗೆ ಒಂದೇ ಹಂಬಲ: ಗುಡ್ಡದ ಗುಹೆಯಲ್ಲಿ ಒಬ್ಬನೇ ಮೌನವಾಗಿ ಕೂರಬೇಕು. ಮಠಕ್ಕೆ ಬರುವವರ ಗೋಳು ಕೇಳಿ ಕೇಳಿ, ಪಾಪ, ಅವನ ತಲೆ ಚಿಟ್ಟು ಹಿಡಿದಿತ್ತು.

ಅಪ್ಪಣೆ ಕೊಡುವ ಮೊದಲು ಗುರು ಅಡವಯ್ಯನವರು ಒಂದು ಕೆಲಸ ಹೇಳಿದರು.

"ಊರಿನ ಕೆಂಪವ್ವನ ಮೈಗೆಲ್ಲ ಕಜ್ಜಿ ಎದ್ದಿದೆ. ಹೊಂಗೆ ಎಣ್ಣೆ ಇದೆ, ಬೂದಿ ಬಸಿದ ಕ್ಷಾರದ ನೀರಿದೆ. ಎರಡೂ ಕೂಡಿದರೆ ಸೋಪು. ಅದು ಆದ ದಿನ ಹೊರಡು."

ಚೆನ್ನಮಲ್ಲ ಗಾಜಿನ ಭರಣಿಗೆ ಎರಡನ್ನೂ ಸುರಿದ. ನೀರು ಕೆಳಗೆ ನಿಂತಿತು, ಎಣ್ಣೆ ಮೇಲೆ. ಪಕ್ಕದಲ್ಲೇ ಕೋಲಿತ್ತು, ಅದನ್ನು ಮುಟ್ಟಲಿಲ್ಲ. ಕದಡಿದ್ದು ಎಂದಾದರೂ ಪಕ್ವವಾದೀತೇ? ಭರಣಿಯ ಮುಂದೆ ಪದ್ಮಾಸನ ಹಾಕಿ ಕೂತುಬಿಟ್ಟ. ಭರಣಿಗೂ ಧ್ಯಾನ ಕಲಿಸಲು ಹೊರಟ ಮಹಾನುಭಾವ!

ಮೂರು ದಿನ ಕಳೆಯಿತು. ಕೆಂಪವ್ವ ದಿನವೂ ಬಂದು ಬರಿಗೈಯಲ್ಲಿ ಹೋದಳು. ಕೆರೆದು ಕೆರೆದು ಅವಳ ಮೊಣಕೈ ಕೆಂಪಾಗಿತ್ತು.

"ಎಷ್ಟಾಯ್ತಪ್ಪ?" ಎಂದರು ಗುರುಗಳು.

ಚೆನ್ನಮಲ್ಲ ನಾಚಿದ. "ಎಣ್ಣೆ ನೀರು ತಾಗೋ ಕಡೆ ಬೆಳ್ಳಗೆ ಒಂದು ಪದರ, ಕಾಗದದಷ್ಟು. ಅದು ಮೊದಲ ದಿನವೇ ಆಯ್ತು, ಬುದ್ಧಿ. ಮಿಕ್ಕ ಕಡೆ ಏನೂ ಆಗಿಲ್ಲ. ಯಾಕೆ ಅಲ್ಲಿ ಮಾತ್ರ?"

"ಮೇಲಿರೋ ಎಣ್ಣೆಗೆ ಅಕ್ಕಪಕ್ಕ ಸಿಗೋದು ಏನು?"

"ಎಣ್ಣೇನೇ."

"ತಳದ ನೀರಿಗೆ?"

"ನೀರೇ, ಬುದ್ಧಿ."

ಗುರುಗಳು ಕೋಲನ್ನು ಅವನ ಕೈಗಿಟ್ಟು ಹೊರಟುಹೋದರು.

ಚೆನ್ನಮಲ್ಲ ಅಳುಕುತ್ತಲೇ ಕಲಕಿದ. ಎಣ್ಣೆ ಒಡೆದು ಹನಿಹನಿಯಾಯಿತು. ಭರಣಿಗೆ ಮೂಗು ತಾಗಿಸಿ ನೋಡಿದ. ಒಂದೊಂದು ಹನಿಯ ಸುತ್ತಲೂ ನೀರು! ಮತ್ತೆ ಕಲಕಿದ. ಹನಿಗಳು ಸಣ್ಣವಾದವು, ನೀರು ಹಾಲಿನಂತಾಯಿತು.

"ಒಂದೇ ಅಂಚಿತ್ತು, ಈಗ ನೋಡು, ಎಲ್ಲೆಲ್ಲೂ ಅಂಚೇ!" ಎಂದು ಕೂಗಿದ. ಕೇಳಲು ಅಲ್ಲಿ ಯಾರೂ ಇರಲಿಲ್ಲ. ಅವತ್ತು ಅವನಿಗೆ ಊಟದ ನೆನಪೂ ಆಗಲಿಲ್ಲ.

ಸಂಜೆಗೆ ಭರಣಿಯಲ್ಲಿದ್ದುದು ಗಂಜಿಯಂತೆ ಗಟ್ಟಿಯಾಯಿತು. ಕೆಲವು ದಿನ ಬಿಟ್ಟು ಗುರುಗಳು ಹದ ನೋಡಿ ತಲೆದೂಗಿದರು.

ಕೆಂಪವ್ವ ಆ ಸೋಪು ಹಚ್ಚಿ ಹೊಳೆಯಲ್ಲಿ ಮಿಂದು ಬಂದಳು. "ನವೆ ತಗ್ಗಿತು ಕಣಪ್ಪ, ನಿನ್ನ ಹೊಟ್ಟೆ ತಣ್ಣಗಿರಲಿ" ಎಂದಳು. ಅಷ್ಟಕ್ಕೇ ಬಿಡದೆ ತನ್ನ ಓರಗಿತ್ತಿಯ ಕಥೆ ಶುರು ಮಾಡಿದಳು. ಚೆನ್ನಮಲ್ಲ ಮೆಲ್ಲಗೆ ಜಾರಿಕೊಂಡು ಗುರುಗಳ ಬಳಿ ಬಂದ.

"ಸೋಪು ಆಯ್ತು, ಬುದ್ಧಿ. ಗುಹೆಗೆ ಹೊರಡಲೇ?"

"ಹೊರಡು. ಆ ಕೋಲನ್ನೂ ತಗೊಂಡು ಹೋಗು."

"ಅಲ್ಲಿ ಕಲಕೋದಕ್ಕೆ ಭರಣಿ ಎಲ್ಲಿದೆ, ಬುದ್ಧಿ?"

"ಭರಣಿ ನೀನೇ ಇದ್ದೀಯಲ್ಲಪ್ಪ. ನಿನ್ನ ಕಲಕೋರೆಲ್ಲ ಇಲ್ಲೇ ಉಳೀತಾರೆ, ಅದಕ್ಕೇ ಹೇಳಿದೆ."